ಪ್ರತೀಕಾರವೂ ಮರೆವೂ: ‘ಓಲ್ಡ್‌ಬಾಯ್’ ಚಿತ್ರದ ಗುಣದೋಷ ವಿಚಾರ

ಹಗೆ ತೀರಿಸಿಕೊಳ್ಳುವ ಕಥೆಗಳು ಎಲ್ಲ ದೇಶಗಳ ಸಾಹಿತ್ಯದಲ್ಲಿಯೂ ಉಂಟು. ಆದರೆ ಅಂತಹ ಕಥೆಯು ಯಾವ ಕಾಲದಲ್ಲಿ, ಯಾವ ಜನರ ನಡುವೆ ಹುಟ್ಟಿತೆಂಬುದನ್ನು ಅರಿಯದೆ ಅದರ ಗುಣದೋಷಗಳನ್ನು ತೂಗುವುದು ನ್ಯಾಯವಾಗಲಾರದು. ದಕ್ಷಿಣ ಕೊರಿಯಾದ ನಿರ್ದೇಶಕ ಪಾರ್ಕ್ ಚಾನ್-ವುಕ್ 2003ರಲ್ಲಿ ತೆರೆಗೆ ತಂದ ‘ಓಲ್ಡ್‌ಬಾಯ್’ ಎಂಬ ಚಲಚ್ಚಿತ್ರವು ಈ ಮಾತಿಗೆ ತಕ್ಕ ನಿದರ್ಶನವಾಗಿದೆ.

ಆ ದೇಶವು 1961ರ ತರುವಾಯ ಬಹುಕಾಲ ಸೈನ್ಯಾಧಿಕಾರಿಗಳ ಆಳ್ವಿಕೆಗೆ ಒಳಪಟ್ಟಿತ್ತು. 1980ರ ಮೇ ತಿಂಗಳಿನಲ್ಲಿ ಗ್ವಾಂಗ್ಜು ನಗರದ ಪ್ರಜೆಗಳು ತಿರುಗಿಬಿದ್ದಾಗ ಸೈನ್ಯವು ರಕ್ತಪಾತದಿಂದ ಅವರನ್ನು ಅಡಗಿಸಿತು. 1987ರ ಜನಾಂದೋಲನದಿಂದ ಅಧ್ಯಕ್ಷನನ್ನು ನೇರವಾಗಿ ಚುನಾಯಿಸುವ ಹಕ್ಕು ದೊರೆಯಿತು. ಚಿತ್ರಗಳನ್ನು ಪ್ರದರ್ಶನಕ್ಕೆ ಮುಂಚೆಯೇ ಸರಕಾರದ ಪರವಾಗಿ ಪರೀಕ್ಷಿಸಿ ಕತ್ತರಿಸುವ ಪದ್ಧತಿಯು ಸಂವಿಧಾನ ವಿರುದ್ಧವೆಂದು 1996ರಲ್ಲಿ ಸಂವಿಧಾನ ನ್ಯಾಯಾಲಯವು ತೀರ್ಪಿತ್ತಿತು. ಈ ಬಿಡುಗಡೆಯ ಫಲವಾಗಿ ಬೆಳೆದ ಚಿತ್ರಗಳಲ್ಲಿ ‘ಓಲ್ಡ್‌ಬಾಯ್’ ಒಂದು.

ಜಪಾನಿನ ಚಿತ್ರಕಥಾಮಾಲೆಯೊಂದು ಇದಕ್ಕೆ ಮೂಲ. ಓ ದೇ-ಸು ಎಂಬ ಸಾಧಾರಣ ಗೃಹಸ್ಥನನ್ನು 1988ರ ಒಂದು ರಾತ್ರಿ ಯಾರೋ ಅಪಹರಿಸಿ ಕೋಣೆಯೊಂದರಲ್ಲಿ ಹದಿನೈದು ವರ್ಷ ಕೂಡಿಹಾಕುತ್ತಾರೆ. ಹೆಂಡತಿಯು ಕೊಲೆಯಾದಳೆಂದೂ, ಆ ಅಪವಾದವು ತನ್ನ ಮೇಲೆಯೇ ಬಂದಿತೆಂದೂ ಆತನು ಅಲ್ಲಿದ್ದ ಟೆಲಿವಿಷನ್ನಿನಿಂದ ತಿಳಿಯುತ್ತಾನೆ. ಬಿಡುಗಡೆಯಾದ ಮೇಲೆ ಶತ್ರುವನ್ನು ಹುಡುಕುತ್ತ ಮಿ-ದೋ ಎಂಬ ತರುಣಿಯೊಡನೆ ಸ್ನೇಹ ಬೆಳೆಸುತ್ತಾನೆ; ಆ ಸ್ನೇಹವು ಪ್ರಣಯವಾಗುತ್ತದೆ. ಶಾಲೆಯ ದಿನಗಳಲ್ಲಿ ದೇ-ಸು ಹಗುರವಾಗಿ ಆಡಿದ ಒಂದು ಮಾತು ಊರೆಲ್ಲ ಹರಡಿ, ಅದರಿಂದ ತನ್ನ ಅಕ್ಕ ಪ್ರಾಣ ಕಳೆದುಕೊಂಡಳೆಂದು ಹಗೆ ಸಾಧಿಸುತ್ತಿರುವ ಸಿರಿವಂತ ಲೀ ವೂ-ಜಿನ್‌ನೇ ಆ ಶತ್ರು. ಮಿ-ದೋ ದೇ-ಸುವಿನ ಸ್ವಂತ ಮಗಳೆಂಬ ಭೀಕರ ಸತ್ಯವನ್ನು ಬಯಲುಮಾಡುವುದೇ ಅವನ ಸೇಡಿನ ಕೊನೆಯ ಪೆಟ್ಟು.

ಚಿತ್ರದ ಗುಣಗಳು ಸಾಮಾನ್ಯವಲ್ಲ. ಚೋಯ್ ಮಿನ್-ಸಿಕ್‌ನ ಅಭಿನಯದಲ್ಲಿ ಹಾಸ್ಯ, ಕ್ರೌರ್ಯ, ದೈನ್ಯಗಳು ಒಂದೇ ಮುಖದಲ್ಲಿ ಸುಳಿಯುತ್ತವೆ. ಸುತ್ತಿಗೆ ಹಿಡಿದು ನಾಯಕನು ಓಣಿಯಂತಹ ಹಾದಿಯೊಂದರಲ್ಲಿ ಗುಂಪಿನೊಡನೆ ಕಾದಾಡುವ ದೃಶ್ಯವನ್ನು ಎಲ್ಲಿಯೂ ಕತ್ತರಿಸದೆ ಪಾರ್ಶ್ವದಿಂದ ಚಿತ್ರಿಸಲಾಗಿದೆ. ಅಲ್ಲಿ ವೀರನ ಲಾಘವಕ್ಕಿಂತ ದಣಿದ ಮನುಷ್ಯನ ಏದುಸಿರೇ ಮನಸ್ಸಿಗೆ ನಾಟುತ್ತದೆ. 2004ರ ಕಾನ್ ಚಿತ್ರೋತ್ಸವದಲ್ಲಿ ದೊರೆತ ಗ್ರಾಂ ಪ್ರಿ ಪ್ರಶಸ್ತಿಯು ಕೊರಿಯಾದ ಚಿತ್ರಕಲೆಯತ್ತ ಲೋಕದ ಕಣ್ಣು ತಿರುಗುವಂತೆ ಮಾಡಿತು.

ಇವೆಲ್ಲಕ್ಕೂ ಮಿಗಿಲಾದ ಗುಣವು ಸೆರೆವಾಸದ ಭಾಗದಲ್ಲಿದೆ. ತೆರೆಯ ಒಂದು ಕಡೆ ಬಂದಿಯ ದಿನಚರಿಯು ಸಾಗುತ್ತಿರಲಾಗಿ, ಇನ್ನೊಂದು ಕಡೆ ಮಾಜಿ ಅಧ್ಯಕ್ಷ ಚುನ್ ದೂ-ಹ್ವಾನ್‌ನ ಬಂಧನ, 1997ರ ಆರ್ಥಿಕ ಸಂಕಟ, 2000ದಲ್ಲಿ ಉಭಯ ಕೊರಿಯಾಗಳ ನಾಯಕರ ಭೇಟಿ ಮುಂತಾದವು ಹಾದುಹೋಗುತ್ತವೆ. ನಾಡು ಸ್ವತಂತ್ರವಾಗುತ್ತಿದ್ದ ಕಾಲದಲ್ಲಿಯೇ ಅದರ ಪ್ರಜೆಯೊಬ್ಬನು ಕತ್ತಲೆಯಲ್ಲಿ ಕೊಳೆಯುತ್ತಿದ್ದನು.

ದೋಷಗಳೂ ಅಷ್ಟೇ ಸ್ಪಷ್ಟವಾಗಿವೆ. ಕಥೆಯ ಮುಖ್ಯ ಗಂಟುಗಳನ್ನೆಲ್ಲ ಸಂಮೋಹನ ವಿದ್ಯೆಯಿಂದಲೂ ಶತ್ರುವಿನ ಅಪಾರ ಐಶ್ವರ್ಯದಿಂದಲೂ ಬಿಗಿಯಲಾಗಿದೆ. ಮನುಷ್ಯ ಸ್ವಭಾವದಿಂದ ಸಹಜವಾಗಿ ಒದಗಬೇಕಾದುದು ಯಂತ್ರದ ಕೈವಾಡದಂತೆ ತೋರುತ್ತದೆ. ಇದಕ್ಕಿಂತ ಘೋರವಾದ ಲೋಪವು ಮಿ-ದೋಳ ವಿಷಯದಲ್ಲಿದೆ. ಅತ್ಯಂತ ದೊಡ್ಡ ಅನ್ಯಾಯವಾದುದು ಅವಳಿಗೆ. ಆದರೂ ಅವಳಿಗೆ ಸತ್ಯವನ್ನು ತಿಳಿಸಕೂಡದೆಂದು ಗಂಡಸರಿಬ್ಬರು ತಮ್ಮತಮ್ಮಲ್ಲಿಯೇ ಇತ್ಯರ್ಥ ಮಾಡಿಕೊಳ್ಳುತ್ತಾರೆ. ತಂದೆಯು ತನ್ನ ನೆನಪನ್ನಾದರೂ ಅಳಿಸಿಕೊಳ್ಳಲು ಸಂಮೋಹಕಿಯನ್ನು ಬೇಡುತ್ತಾನೆ. ಮಗಳಿಗೆ ಕೇಳುವ ಹಕ್ಕೂ ಇಲ್ಲ, ಕ್ಷಮಿಸುವ ಹಕ್ಕೂ ಇಲ್ಲ.

ಇದೇ ಪ್ರಶ್ನೆಯು ಆ ದೇಶದ ಚರಿತ್ರೆಯಲ್ಲಿಯೂ ಎದ್ದಿತ್ತು. ಚುನ್ ದೂ-ಹ್ವಾನ್‌ನ ಆಡಳಿತದಲ್ಲಿ, 1980ರಲ್ಲಿ, ಕಿಮ್ ದೇ-ಜುಂಗ್ ಎಂಬ ವಿರೋಧಪಕ್ಷದ ನಾಯಕನಿಗೆ ಮರಣದಂಡನೆ ವಿಧಿಸಲ್ಪಟ್ಟಿತ್ತು. ಮುಂದೆ ಅದು ಇಳಿಯಿತು. 1996ರಲ್ಲಿ ಚುನ್‌ನಿಗೇ ಮರಣದಂಡನೆಯ ತೀರ್ಪಾಗಿ, ಬಳಿಕ ಅದು ಆಜೀವ ಕಾರಾವಾಸವಾಯಿತು. 1997ರ ಡಿಸೆಂಬರಿನಲ್ಲಿ ಅಧ್ಯಕ್ಷನಾಗಿ ಆಗತಾನೆ ಚುನಾಯಿತನಾಗಿದ್ದ ಕಿಮ್ ದೇ-ಜುಂಗ್‌ನ ಸಮ್ಮತಿಯಿಂದಲೇ ಅವನಿಗೆ ಕ್ಷಮಾದಾನ ದೊರೆಯಿತು. ಸೇಡಿನ ಸರಪಳಿಯನ್ನು ಕಡಿದ ಔದಾರ್ಯವಿದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಚುನ್ 2021ರಲ್ಲಿ ಸಾಯುವವರೆಗೂ ಗ್ವಾಂಗ್ಜುವಿನ ತಾಯಂದಿರ ಮುಂದೆ ಪಶ್ಚಾತ್ತಾಪದ ಒಂದು ಮಾತನ್ನೂ ಆಡಲಿಲ್ಲ.

ಸೇಡು ಸಾಧಿಸಿದವನೂ ಬದುಕಿ ಉಳಿಯಲಾರನೆಂಬುದನ್ನು ‘ಓಲ್ಡ್‌ಬಾಯ್’ ಮನಮುಟ್ಟುವಂತೆ ತೋರಿಸುತ್ತದೆ. ಸೇಡಿಗೆ ಪ್ರತಿಯಾಗಿ ಅದು ನೀಡುವುದು ಮರೆವೊಂದನ್ನೇ. ನೋವುಂಡವರು ಎಲ್ಲವನ್ನೂ ತಿಳಿದು, ನೆನಪಿಟ್ಟುಕೊಂಡೇ ಕ್ಷಮಿಸುವ ಮೂರನೆಯ ಹಾದಿಯೊಂದುಂಟು. ಆ ಹಾದಿಯನ್ನು ಮಿ-ದೋಳಿಗೆ ತೆರೆದಿಡದೆ ಹೋದುದೇ ಈ ಸಮರ್ಥ ಚಿತ್ರದ ದೊಡ್ಡ ಕೊರತೆ.