ಲೆಕ್ಕಕ್ಕೆ ಬಾರದ ಹಿತ್ತಲು

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುವ ಹೊತ್ತಿಗೆ ಹುಣಸೂರು ತಾಲ್ಲೂಕಿನ ಬಿಳಿಕೆರೆ ಸುತ್ತಿನ ಬೆದ್ದಲು ಹೊಲಗಳು ಬರಿದಾಗಿರುತ್ತವೆ. ರಾಗಿ ಕಣ ದಾಟಿ ಮನೆ ಸೇರಿದೆ, ಅವರೆಕಾಯಿಯ ಸೊಗಡು ಮುಗಿದಿದೆ, ಮುಂಗಾರಿನ ಹದ ಇನ್ನೂ ದೂರ. ಆದರೂ ಒಲೆಯ ಮುಂದೆ ಇದು ಬಡತನದ ಕಾಲವಲ್ಲ. ಮಾವಿನಕಾಯಿ ಚಿತ್ರಾನ್ನ, ಬಾಳೆಹೂವಿನ ಪಲ್ಯ, ಎಳೆ ಹಲಸಿನಕಾಯಿ ಹುಳಿ, ಹೊಸ ಹುಣಸೆಹಣ್ಣಿನ ಗೊಜ್ಜು, ಬೆಲ್ಲದ ಜೊತೆಗೆ ಬೇವಿನ ಹೂ. ಇವು ಉತ್ತು ಬಿತ್ತಿದ ಹೊಲದಿಂದ ಬಂದವಲ್ಲ. ಹೆಚ್ಚಿನವು ಹಿತ್ತಲಿನವು, ಉಳಿದವು ಬದುವಿನ ಮರದವು. ಈ ಸೀಮೆಯ ಊಟದ ಚರಿತ್ರೆಯನ್ನು ರಾಗಿ ಮತ್ತು ಭತ್ತದ ಚರಿತ್ರೆಯೆಂದಷ್ಟೇ ಬರೆದರೆ ಅರ್ಧ ಬಿಟ್ಟಂತೆ ಎಂಬುದು ನನ್ನ ವಾದ.

ಬಿಟ್ಟುಹೋದದ್ದಕ್ಕೆ ಕಾರಣವಿದೆ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ತೋಟಗಳನ್ನು ತರಕಾರಿ ತೋಟ, ತೆಂಗು-ಅಡಿಕೆ ತೋಟ, ಎಲೆ ತೋಟ, ಹೂವಿನ ತೋಟ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಬಚ್ಚಲ ನೀರು ಕುಡಿದು ಬೆಳೆದ ಬಾಳೆ, ಬಸಳೆ, ಕೆಸುವಿಗೆ ಆ ನಾಲ್ಕರಲ್ಲಿ ಮನೆಯಿಲ್ಲ. ಕಂದಾಯ ತರುವುದನ್ನು ಸರ್ಕಾರ ಎಣಿಸಿತು. ಸಾರಿಗೆ ಬೀಳುವುದನ್ನು ಎಣಿಸಿದವರು ಹೆಂಗಸರು, ಅವರು ಕಡತ ಬರೆಯಲಿಲ್ಲ.

ಹಾಗಾದರೆ ಸಾಕ್ಷಿ ಎಲ್ಲಿ? ಹುಣಸೂರು ತಾಲ್ಲೂಕಿನಲ್ಲೇ ಇದೆ. ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸ, 1508ರ ಸುಮಾರಿನವನು, 'ಸೂಪಶಾಸ್ತ್ರ' ಎಂಬ ಪಾಕಗ್ರಂಥವನ್ನು ಷಟ್ಪದಿಯಲ್ಲಿ ರಚಿಸಿದ. ಹಿಟ್ಟಿನ ತಿನಿಸು, ಪಾನಕ, ಅನ್ನಗಳ ಜೊತೆಗೆ ಅದರಲ್ಲಿ ಬದನೆ, ಬಾಳೆ, ಹಲಸು, ಕಳಲೆ, ನೆಲ್ಲಿಗಳಿಗೇ ದೊಡ್ಡ ಪಾಲು ಮೀಸಲು. ಇದು ಅರಮನೆಯ ಅಡುಗೆ, ಒಕ್ಕಲಮನೆಗೂ ಅದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ತುಪ್ಪದ ಧಾರಾಳ ಪ್ರಭುವಿನದಿರಬಹುದು. ಆದರೆ ಬದನೆ, ಬಾಳೆಗಳು ಅರಮನೆಗೆ ಮಾತ್ರ ಒಲಿಯುವ ಗಿಡಗಳಲ್ಲ. ಬಾಳೆಯ ದಿಂಡು, ಹೂ, ಕಾಯಿ ಒಂದನ್ನೂ ಎಸೆಯದ ಜಾಣತನ ಕೊರತೆಯನ್ನು ಕಂಡ ಅಡುಗೆಮನೆಯಲ್ಲಿ ಹುಟ್ಟುವಂಥದ್ದು. ಅದನ್ನು ಮಂಗರಸ ಪದ್ಯಕ್ಕೆ ಏರಿಸಿದ ಎಂದೇ ನಾನು ತಿಳಿಯುತ್ತೇನೆ.

ಹಿತ್ತಲು ಬದಲಾಗದ ಹಳೆಯ ಲೋಕವೆಂಬ ಭಾವನೆಯೂ ಸರಿಯಲ್ಲ. ಮಂಗರಸನ ಕಾಲದ ಒಗ್ಗರಣೆಗೆ ಕಾಳುಮೆಣಸಿನ ಖಾರವಿತ್ತು, ಮೆಣಸಿನಕಾಯಿಯದಲ್ಲ. ಅಮೆರಿಕ ಖಂಡದ ಆ ಗಿಡ ಪೋರ್ಚುಗೀಸರ ಹಡಗಿನಲ್ಲಿ ಬಂದು, ಮೆಣಸಿನ ಹೆಸರನ್ನೇ ಹೊದ್ದು ನಮ್ಮದಾಯಿತು. ಪರಂಗಿಹಣ್ಣು ತಾನು ಪರದೇಶಿಯೆಂಬುದನ್ನು ಹೆಸರಿನಲ್ಲೇ ಉಳಿಸಿಕೊಂಡಿದೆ. ಇಲ್ಲಿ ಹಕ್ಕಿಗಳ ಪಾಲೂ ಇದೆ. ಖಾರದ ಉರಿ ಹಕ್ಕಿಗಳಿಗೆ ತಟ್ಟುವುದಿಲ್ಲ. ಪಿಕಳಾರ ಹಣ್ಣು ನುಂಗಿ ಬೀಜ ಉದುರಿಸಿದಲ್ಲಿ ಸೂಜಿಮೆಣಸು ಯಾರೂ ಬಿತ್ತದೆ ಹುಟ್ಟುತ್ತದೆ. ಬಾಳೆಹೂವಿಗೆ ಸೂರಕ್ಕಿ, ಮಾಗಿದ ಹಣ್ಣಿಗೆ ಕೋಗಿಲೆ, ಸೀಬೆಗೆ ಅಳಿಲು ಬರುವುದನ್ನು ಕಾಟವೆನ್ನುವವರಿದ್ದಾರೆ. ಬೀಜ ಹಂಚುವವರಿಗೆ ಅಷ್ಟು ಕೂಲಿ ಸಲ್ಲಬೇಕು.

ಈಗ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳಿಗೆ ಸೌದೆ ಬೇಕು, ಮನೆಗೆ ಇನ್ನೊಂದು ಕೋಣೆ ಬೇಕು. ಎರಡರ ನಡುವೆ ಹಿತ್ತಲು ಸವೆಯುತ್ತಿದೆ. ಹೊಸ ಮನೆ ಕಟ್ಟಿಸುವವರು ದಯವಿಟ್ಟು ಬಚ್ಚಲ ನೀರನ್ನು ಚರಂಡಿಗೆ ಬಿಡುವ ಮುಂಚೆ ಒಂದು ಬಾಳೆಯ ಬುಡಕ್ಕೆ ಹರಿಯಬಿಡಿ.