ಲಿನಕ್ಸ್ ಸರ್ವರ್‌ನಲ್ಲಿ ಕೈತಪ್ಪಿ ಅಳಿಸಿಹೋದ ಆರಂಭಿಕ ಕಡತಗಳ ಮರುಸ್ಥಾಪನೆ

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಅಳವಡಿಸಿರುವ ಸರ್ವರ್‌ಗಳಲ್ಲಿ ಯಂತ್ರದ ಆರಂಭಕ್ಕೆ ಅವಶ್ಯವಾದ ಕಡತಗಳು ಕೈತಪ್ಪಿನಿಂದ ಅಳಿಸಿಹೋದ ಸಂದರ್ಭದಲ್ಲಿ ಅನುಸರಿಸಬೇಕಾದ ಕ್ರಮಗಳನ್ನು ಸೇವಾ ಕೇಂದ್ರಗಳ ನಿರ್ವಾಹಕರು, ಸಹಕಾರ ಸಂಘಗಳು, ಶಾಲಾ ಗಣಕ ಪ್ರಯೋಗಾಲಯಗಳು ಹಾಗೂ ಅರ್ಜಿ ಸಲ್ಲಿಸಿರುವ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಮೊದಲನೆಯ ಸೂಚನೆ: ಕಡತಗಳು ಅಳಿಸಿಹೋಗಿರುವುದು ಗಮನಕ್ಕೆ ಬಂದಾಗ ಯಂತ್ರವು ಚಾಲನೆಯಲ್ಲಿದ್ದರೆ, ಅದನ್ನು ಯಾವ ಕಾರಣಕ್ಕೂ ಸ್ಥಗಿತಗೊಳಿಸಬಾರದು, ಮರುಚಾಲನೆಯನ್ನೂ ಮಾಡಬಾರದು.

ಆರಂಭಿಕ ಕಡತಗಳು

ಇವು ಬಹುಪಾಲು /ಬೂಟ್ ಎಂಬ ಡೈರೆಕ್ಟರಿಯಲ್ಲಿರುತ್ತವೆ. ವಿಎಂಲಿನಜ್ ಎಂಬ ಹೆಸರಿನಿಂದ ಆರಂಭವಾಗುವ ಕಡತವೇ ಕರ್ನಲ್, ಅಂದರೆ ವ್ಯವಸ್ಥೆಯ ತಿರುಳು. ಡಿಸ್ಕ್‌ನ ಮೂಲ ವಿಭಾಗವನ್ನು ತೆರೆಯಲು ಬೇಕಾದ ಚಾಲಕ ತಂತ್ರಾಂಶಗಳ ಗಂಟು ಇನಿಟ್‌ರಾಮ್‌ಎಫ್‌ಎಸ್. ಡೆಬಿಯನ್ ಬಳಗದಲ್ಲಿ ಇದರ ಕಡತಕ್ಕೆ ಇನಿಟ್‌ಆರ್‌ಡಿ ಎಂಬ ಹೆಸರಿರುತ್ತದೆ. ಇವೆರಡನ್ನೂ ಹುಡುಕಿ ಮೆಮೊರಿಗೆ ತರುವುದು ಗ್ರಬ್ ಎಂಬ ಆರಂಭಕ ತಂತ್ರಾಂಶ.

ಯಂತ್ರವು ಒಮ್ಮೆ ಚಾಲನೆಗೊಂಡ ಮೇಲೆ ಕರ್ನಲ್ ಮೆಮೊರಿಯಲ್ಲಿ ನೆಲೆಸಿರುತ್ತದೆ. ಆದುದರಿಂದ /ಬೂಟ್ ಸಂಪೂರ್ಣ ಬರಿದಾದರೂ ಸರ್ವರ್ ಎಂದಿನಂತೆ ಕೆಲಸ ಮಾಡುತ್ತಿರುತ್ತದೆ. ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ, ವಿದ್ಯುತ್ ಕಡಿತವಾದ ದಿನವೇ ಬೆಳಕಿಗೆ ಬರುವ ದೋಷವಿದು.

ಅರ್ಜಿದಾರರ ದಾಖಲೆಗಳು

ಅರ್ಜಿಗಳು, ಸ್ವೀಕೃತಿ ಸಂಖ್ಯೆಗಳು ಮತ್ತು ಲಗತ್ತಿಸಿದ ದಾಖಲೆಗಳು ದತ್ತಸಂಚಯದಲ್ಲಿರುತ್ತವೆ. ದತ್ತಸಂಚಯವು ಸಾಮಾನ್ಯವಾಗಿ /ವಾರ್ ಡೈರೆಕ್ಟರಿಯಲ್ಲಿ ಅಥವಾ ಪ್ರತ್ಯೇಕ ಡಿಸ್ಕ್‌ನಲ್ಲಿರುವುದರಿಂದ, ಆರಂಭಿಕ ಕಡತಗಳ ನಷ್ಟವೊಂದರಿಂದಲೇ ಈಗಾಗಲೇ ದಾಖಲಾಗಿರುವ ಅರ್ಜಿ ಅಳಿಯುವುದಿಲ್ಲ. ನಿಜವಾದ ಅಪಾಯ ಆಮೇಲೆ ಎದುರಾಗುತ್ತದೆ. ಯಂತ್ರವು ಆರಂಭವಾಗದಿರುವುದನ್ನು ಕಂಡು ಗಾಬರಿಯಿಂದ ಇಡೀ ಡಿಸ್ಕ್‌ ಅನ್ನು ಫಾರ್ಮ್ಯಾಟ್ ಮಾಡಿ ಲಿನಕ್ಸ್ ಅನ್ನು ಹೊಸದಾಗಿ ಅಳವಡಿಸಿದಲ್ಲಿ, ಬ್ಯಾಕಪ್ ಇಲ್ಲದ ದಾಖಲೆಗಳೆಲ್ಲವೂ ಅದರೊಂದಿಗೆ ಹೋಗುತ್ತವೆ. ಕರ್ನಲ್ ಮತ್ತು ಗ್ರಬ್ ಎಲ್ಲೆಡೆ ಉಚಿತವಾಗಿ ದೊರೆಯುತ್ತವೆ. ನಾಗರಿಕರ ಅರ್ಜಿ ಹಾಗೆ ದೊರೆಯುವುದಿಲ್ಲ.

ಯಂತ್ರವು ಚಾಲನೆಯಲ್ಲಿರುವಾಗ

ಮೊದಲು /ಬೂಟ್ ಪ್ರತ್ಯೇಕ ವಿಭಾಗವೇ ಎಂಬುದನ್ನು /ಇಟಿಸಿ/ಎಫ್‌ಎಸ್‌ಟ್ಯಾಬ್ ಕಡತದಲ್ಲಿ ನೋಡಿಕೊಳ್ಳಬೇಕು. ಪ್ರತ್ಯೇಕವಾಗಿದ್ದಲ್ಲಿ ಅದು ಜೋಡಣೆಯಾಗಿದೆ (ಮೌಂಟ್ ಆಗಿದೆ) ಎಂಬುದನ್ನು ಖಚಿತಪಡಿಸಿಕೊಂಡೇ ಮುಂದುವರಿಯತಕ್ಕದ್ದು. ಇಲ್ಲವಾದಲ್ಲಿ ಹೊಸ ಕಡತಗಳು ಮೂಲ ವಿಭಾಗದಲ್ಲಿ ಬರೆಯಲ್ಪಟ್ಟು, ಮುಂದೆ ಖಾಲಿ ವಿಭಾಗ ಅದರ ಮೇಲೆ ಜೋಡಣೆಯಾದಾಗ ಮರೆಯಾಗುತ್ತವೆ. ಯುಇಎಫ್‌ಐ ಯಂತ್ರಗಳಲ್ಲಿ /ಬೂಟ್/ಇಎಫ್‌ಐ ಎಂಬ ಇನ್ನೊಂದು ವಿಭಾಗವೂ ಇರುತ್ತದೆ. ಅದನ್ನೂ ಇದೇ ರೀತಿ ಪರಿಶೀಲಿಸಬೇಕು. ಬಳಿಕ ‘ಯುನೇಮ್ -ಆರ್’ ಆದೇಶದ ಮೂಲಕ ಚಾಲನೆಯಲ್ಲಿರುವ ಕರ್ನಲ್‌ನ ಆವೃತ್ತಿಯನ್ನು ಬರೆದಿಟ್ಟುಕೊಳ್ಳಬೇಕು.

ಡೆಬಿಯನ್ ಮತ್ತು ಉಬುಂಟು: /ಬೂಟ್ ಪೂರ್ಣ ಬರಿದಾಗಿದ್ದಲ್ಲಿ ಮೊದಲು ‘ಗ್ರಬ್-ಇನ್‌ಸ್ಟಾಲ್’ ಚಲಾಯಿಸತಕ್ಕದ್ದು, ಏಕೆಂದರೆ ಗ್ರಬ್‌ನ ಡೈರೆಕ್ಟರಿ ಇಲ್ಲದಿರುವಾಗ ಮುಂದಿನ ಹಂತಗಳು ನಡೆಯಲಾರವು. ತದನಂತರ ‘ಆಪ್ಟ್-ಗೆಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್’ ಮೂಲಕ ಲಿನಕ್ಸ್-ಇಮೇಜ್ ಪ್ಯಾಕೇಜನ್ನು ಅದೇ ಆವೃತ್ತಿ ಸಂಖ್ಯೆಯೊಂದಿಗೆ ಮರುಅಳವಡಿಸಬೇಕು. ಸದರಿ ಆವೃತ್ತಿ ಭಂಡಾರದಲ್ಲಿ ಈಗ ಲಭ್ಯವಿಲ್ಲದಿದ್ದರೆ ಲಭ್ಯವಿರುವ ಹೊಸ ಆವೃತ್ತಿಯನ್ನು ಅಳವಡಿಸಿದರೂ ನಡೆಯುತ್ತದೆ. ಕೊನೆಯಲ್ಲಿ ‘ಅಪ್‌ಡೇಟ್-ಗ್ರಬ್’. ಸಿ-ಡ್ಯಾಕ್ ಸಂಸ್ಥೆಯು ಅಭಿವೃದ್ಧಿಪಡಿಸಿರುವ ಬಾಸ್ ಲಿನಕ್ಸ್ ಕೂಡ ಡೆಬಿಯನ್ ಆಧಾರಿತವಾದುದರಿಂದ ಇದೇ ಮಾರ್ಗ ಅನ್ವಯಿಸುತ್ತದೆ.

ರೆಡ್ ಹ್ಯಾಟ್ ಬಳಗ: ಇಲ್ಲಿ ಒಂದು ಅನುಕೂಲವಿದೆ. 2019ರಲ್ಲಿ ಬಿಡುಗಡೆಯಾದ 8ನೇ ಆವೃತ್ತಿ ಹಾಗೂ ನಂತರದ ಆವೃತ್ತಿಗಳಲ್ಲಿ ಕರ್ನಲ್‌ನ ಒಂದು ಪ್ರತಿ /ಲಿಬ್/ಮಾಡ್ಯೂಲ್ಸ್ ಅಡಿಯಲ್ಲಿ, ಆಯಾ ಆವೃತ್ತಿಯ ಡೈರೆಕ್ಟರಿಯಲ್ಲಿ ಉಳಿದಿರುತ್ತದೆ. ಆವೃತ್ತಿ ಸಂಖ್ಯೆಯನ್ನೂ ಆ ಪ್ರತಿಯ ವಿಳಾಸವನ್ನೂ ನೀಡಿ ‘ಕರ್ನಲ್-ಇನ್‌ಸ್ಟಾಲ್ ಆಡ್’ ಆದೇಶವನ್ನು ಚಲಾಯಿಸಿದಲ್ಲಿ ಕರ್ನಲ್, ಇನಿಟ್‌ರಾಮ್‌ಎಫ್‌ಎಸ್ ಮತ್ತು ಆರಂಭ ಪಟ್ಟಿಯ ನಮೂದು ಮೂರೂ ಸಿದ್ಧವಾಗುತ್ತವೆ; ಅಂತರ್ಜಾಲ ಸಂಪರ್ಕವೂ ಬೇಕಿಲ್ಲ. ಗ್ರಬ್ ಕೂಡ ಅಳಿಸಿಹೋಗಿದ್ದರೆ ಹಳೆಯ ಬಯೋಸ್ ಯಂತ್ರಗಳಲ್ಲಿ ‘ಗ್ರಬ್2-ಇನ್‌ಸ್ಟಾಲ್’ ಬಳಸಬಹುದು. ಯುಇಎಫ್‌ಐ ಯಂತ್ರಗಳಲ್ಲಿ ಈ ಆದೇಶವನ್ನು ಬಳಸದೆ, ಗ್ರಬ್2-ಇಎಫ್‌ಐ ಮತ್ತು ಶಿಮ್ ಪ್ಯಾಕೇಜುಗಳನ್ನು ಮರುಅಳವಡಿಸಬೇಕು. ಎರಡರಲ್ಲೂ ಸಂರಚನಾ ಕಡತವನ್ನು ‘ಗ್ರಬ್2-ಎಂಕೆಕಾನ್ಫಿಗ್’ ರಚಿಸುತ್ತದೆ. ಅದರ ಸ್ಥಾನವು ಆವೃತ್ತಿಯಿಂದ ಆವೃತ್ತಿಗೆ ಬದಲಾಗಿರುವುದರಿಂದ ಆಯಾ ಆವೃತ್ತಿಯ ಕೈಪಿಡಿಯನ್ನು ನೋಡತಕ್ಕದ್ದು.

ಯಂತ್ರವು ಈಗಾಗಲೇ ನಿಂತಿದ್ದಲ್ಲಿ

ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂಬ ಸಂಕೇತ ಮಾತ್ರ ಮೂಡಿ ನಿಂತಿದ್ದರೆ ಡಿಸ್ಕ್ ಕೆಟ್ಟಿದೆ ಎಂದು ಭಾವಿಸಬೇಕಾಗಿಲ್ಲ. ಬಯೋಸ್ ಯಂತ್ರಗಳಲ್ಲಿ ಗ್ರಬ್‌ನ ಮೊದಲ ತುಣುಕು ಸಾಮಾನ್ಯವಾಗಿ ಕಡತ ವ್ಯವಸ್ಥೆಯ ಹೊರಗೆ ಇರುವುದರಿಂದ ಅದು ಉಳಿದುಕೊಂಡು, ಉಳಿದ ಭಾಗವನ್ನು ಕಾಣದೆ ಹೀಗೆ ನಿಲ್ಲುತ್ತದೆ.

ಆಗ ಅದೇ ಲಿನಕ್ಸ್‌ನ ಅಳವಡಿಕೆ ಡಿವಿಡಿ ಅಥವಾ ಯುಎಸ್‌ಬಿಯಿಂದ ಯಂತ್ರವನ್ನು ಆರಂಭಿಸಿ ‘ರೆಸ್ಕ್ಯೂ’ ಆಯ್ಕೆಯನ್ನು ಆರಿಸಬೇಕು. ಅಳವಡಿಕೆಯ ಆಯ್ಕೆಯೂ ಅದೇ ಪರದೆಯ ಆಸುಪಾಸಿನಲ್ಲೇ ಇರುತ್ತದೆಯಾದ್ದರಿಂದ ಎಚ್ಚರ ಅಗತ್ಯ. ಸರ್ವರ್‌ನ ಮೂಲ ವಿಭಾಗವನ್ನೂ, ಬಳಿಕ ಅದರೊಳಗೆ /ಬೂಟ್ ಮತ್ತು /ಬೂಟ್/ಇಎಫ್‌ಐ ವಿಭಾಗಗಳನ್ನೂ ಜೋಡಿಸಿ, /ಡೆವ್, /ಪ್ರಾಕ್, /ಸಿಸ್ ಇವುಗಳನ್ನು ಬೈಂಡ್ ಮಾಡಿ, ‘ಸಿಎಚ್‌ರೂಟ್’ ಮೂಲಕ ಒಳಪ್ರವೇಶಿಸಿದ ಮೇಲೆ ಮೇಲ್ಕಂಡ ಕ್ರಮಗಳೇ ಅನ್ವಯಿಸುತ್ತವೆ. ವ್ಯತ್ಯಾಸಗಳು ಎರಡು. ಇಲ್ಲಿ ‘ಯುನೇಮ್’ ತೋರಿಸುವುದು ರೆಸ್ಕ್ಯೂ ಮಾಧ್ಯಮದ ಕರ್ನಲ್‌ನ ಆವೃತ್ತಿಯನ್ನು. ಆದ್ದರಿಂದ ಸರಿಯಾದ ಸಂಖ್ಯೆಯನ್ನು /ಲಿಬ್/ಮಾಡ್ಯೂಲ್ಸ್ ಅಡಿಯ ಹೆಸರುಗಳಿಂದ ತಿಳಿಯಬೇಕು. ಅಲ್ಲದೆ ಆರಂಭ ಪಟ್ಟಿಯ ನಮೂದಿನಲ್ಲಿಯೂ ರೆಸ್ಕ್ಯೂ ಮಾಧ್ಯಮದ ಆಯ್ಕೆಗಳೇ ಸೇರಿಕೊಂಡಿರುವ ಸಾಧ್ಯತೆ ಇರುವುದರಿಂದ ‘ರೂಟ್=’ ಭಾಗವನ್ನು ಕಣ್ಣಾರೆ ಪರಿಶೀಲಿಸತಕ್ಕದ್ದು.

/ಇಟಿಸಿ ಡೈರೆಕ್ಟರಿಯ ಕಡತಗಳು

ಎಫ್‌ಎಸ್‌ಟ್ಯಾಬ್ ಅಳಿಸಿಹೋಗಿದ್ದರೆ, ಯಂತ್ರವು ಚಾಲನೆಯಲ್ಲಿರುವವರೆಗೆ /ಪ್ರಾಕ್/ಮೌಂಟ್ಸ್ ಮತ್ತು ‘ಬಿಎಲ್‌ಕೆಐಡಿ’ ಆದೇಶದ ಉತ್ತರವನ್ನು ನೋಡಿ ಪುನಃ ಬರೆಯಬಹುದು. ಪ್ಯಾಕೇಜ್‌ಗೆ ಸೇರಿದ ಯಾವ ಯಾವ ಕಡತಗಳು ಕಾಣೆಯಾಗಿವೆ ಎಂಬ ಪಟ್ಟಿಯನ್ನು ‘ಆರ್‌ಪಿಎಂ -ವಿಎ’ ಅಥವಾ ‘ಡಿಪಿಕೆಜಿ --ವೆರಿಫೈ’ ನೀಡುತ್ತದೆ. /ಇಟಿಸಿ/ಇನಿಟ್.ಡಿ ಅಡಿಯ ಆರಂಭ ಲಿಪಿಗಳ ವಿಷಯದಲ್ಲಿ ಡೆಬಿಯನ್ ಬಳಕೆದಾರರು ಎಡವುವುದುಂಟು: ನಿರ್ವಾಹಕರೇ ಬೇಕೆಂದು ಅಳಿಸಿದ್ದಾರೆಂದು ವ್ಯವಸ್ಥೆಯು ಭಾವಿಸುವುದರಿಂದ, ಬರಿಯ ಮರುಅಳವಡಿಕೆಯಿಂದ ಇವು ಹಿಂದಿರುಗುವುದಿಲ್ಲ. ಡಿಪಿಕೆಜಿಗೆ ‘--ಫೋರ್ಸ್-ಕಾನ್ಫ್‌ಮಿಸ್’ ಆಯ್ಕೆಯನ್ನು ನೀಡಬೇಕು.

ನಿರ್ವಾಹಕರು ಸ್ವತಃ ಬರೆದ ಲಿಪಿಗಳು ಯಾವ ಪ್ಯಾಕೇಜ್‌ನಲ್ಲೂ ಇರುವುದಿಲ್ಲ. ಅವು ಬ್ಯಾಕಪ್‌ನಿಂದಲೇ ಬರಬೇಕು. ಅಳಿದ ಕಡತಗಳನ್ನು ಹೊರತೆಗೆಯುವ ಉಪಕರಣಗಳು ಇವೆಯಾದರೂ, ಇಎಕ್ಸ್‌ಟಿ3 ಮತ್ತು ಇಎಕ್ಸ್‌ಟಿ4 ವ್ಯವಸ್ಥೆಗಳು ಅಳಿಸುವಾಗ ಕಡತವು ಎಲ್ಲಿತ್ತೆಂಬ ಗುರುತನ್ನೂ ಒರೆಸಿಹಾಕುವುದರಿಂದ ಯಶಸ್ಸು ಖಚಿತವಲ್ಲ. ಪ್ರಯತ್ನಿಸುವುದಾದರೆ ಆ ವಿಭಾಗಕ್ಕೆ ಏನನ್ನೂ ಬರೆಯದಂತೆ ಕೂಡಲೇ ತಡೆಯಬೇಕು. ಕರ್ನಲ್‌ನಂತಹ ಎಲ್ಲೆಡೆ ದೊರೆಯುವ ಕಡತಗಳಿಗಾಗಿ ಈ ಶ್ರಮ ವ್ಯರ್ಥ.

ಮರುಚಾಲನೆಗೆ ಮುನ್ನ

ಕರ್ನಲ್ ಮತ್ತು ಇನಿಟ್‌ರಾಮ್‌ಎಫ್‌ಎಸ್ ಒಂದೇ ಆವೃತ್ತಿಯವೇ, ಅವುಗಳ ಗಾತ್ರ ಸೊನ್ನೆಯಾಗಿಲ್ಲವೇ, ಆರಂಭ ಪಟ್ಟಿಯಲ್ಲಿ ನಮೂದಾದ ಹೆಸರುಗಳಿಗೂ /ಬೂಟ್‌ನಲ್ಲಿರುವ ಹೆಸರುಗಳಿಗೂ ತಾಳೆಯಿದೆಯೇ ಎಂಬುದನ್ನು ನೋಡಬೇಕು. ದತ್ತಸಂಚಯದ ಪ್ರತಿಯನ್ನು ಬೇರೊಂದು ಯಂತ್ರಕ್ಕೆ ವರ್ಗಾಯಿಸಿದ ಬಳಿಕವೇ, ಕೌಂಟರ್‌ಗಳಲ್ಲಿ ಜನಸಂದಣಿಯಿಲ್ಲದ ವೇಳೆಯಲ್ಲಿ ಮರುಚಾಲನೆ ಮಾಡತಕ್ಕದ್ದು.

ಇಂತಹ ಅವಘಡಗಳಲ್ಲಿ ಹಲವು /ಬೂಟ್ ವಿಭಾಗ ತುಂಬಿದಾಗ ಜಾಗ ಬಿಡಿಸಲು ‘ಆರ್‌ಎಂ’ ಆದೇಶ ಬಳಸುವುದರಿಂದ ಆಗುತ್ತವೆ. ಹಳೆಯ ಕರ್ನಲ್‌ಗಳನ್ನು ಡೆಬಿಯನ್‌ನಲ್ಲಿ ‘ಆಪ್ಟ್ ಆಟೋರಿಮೂವ್’ ಮೂಲಕ ತೆಗೆಯಬೇಕು. ರೆಡ್ ಹ್ಯಾಟ್ ಬಳಗದಲ್ಲಿ ಡಿಎನ್‌ಎಫ್ ಸಾಮಾನ್ಯವಾಗಿ 3 ಕರ್ನಲ್‌ಗಳನ್ನು ಮಾತ್ರ ಇರಿಸಿಕೊಂಡು ಉಳಿದವನ್ನು ತಾನೇ ತೆಗೆದುಹಾಕುತ್ತದೆ.