ಸೈಬೀರಿಯದ ಅನಿಲ, ಮಿತ್ರರ ಮುನಿಸು

1982ರಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಹೊರಡಿಸಿದ ಆಜ್ಞೆಯೊಂದನ್ನು ಪಾಲಿಸಲು ಒಪ್ಪದವರಲ್ಲಿ ಅವರ ಆಪ್ತಮಿತ್ರೆ, ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಕೂಡ ಇದ್ದರು. ಕಮ್ಯುನಿಸಮ್ಮಿನ ಕಟ್ಟಾ ವಿರೋಧಿಗಳಾದ ಇವರಿಬ್ಬರನ್ನು ಎದುರುಬದುರು ನಿಲ್ಲಿಸಿದ್ದು ಸೈಬೀರಿಯದ ನೈಸರ್ಗಿಕ ಅನಿಲ.

1973 ಮತ್ತು 1979ರ ತೈಲ ಬಿಕ್ಕಟ್ಟುಗಳಿಂದ ಕಂಗೆಟ್ಟಿದ್ದ ಪಶ್ಚಿಮ ಯೂರೋಪು ಇಂಧನದ ಹೊಸ ಮೂಲಗಳನ್ನು ಅರಸುತ್ತಿತ್ತು. ಸೋವಿಯತ್ ಒಕ್ಕೂಟಕ್ಕೆ ವಿದೇಶಿ ವಿನಿಮಯ ಬೇಕಿತ್ತು. ಯೂರೋಪು ಕೊಳವೆ, ಯಂತ್ರ, ಸಾಲ ನೀಡುವುದು. ಉರೆಂಗಾಯ್‌ನಿಂದ ಉಜ್‌ಗೊರೊದ್‌ವರೆಗೆ ಸುಮಾರು 4,500 ಕಿ.ಮೀ. ಉದ್ದದ ಮಾರ್ಗದಲ್ಲಿ ಅನಿಲ ಪಡೆಯುವುದು: ಇದು ಒಪ್ಪಂದಗಳ ಸಾರ. 1981ರ ನವೆಂಬರ್‌ನಲ್ಲಿ ಪಶ್ಚಿಮ ಜರ್ಮನಿ ಅನಿಲ ಖರೀದಿಗೆ ಸಹಿ ಹಾಕಿತು.

ಮರುತಿಂಗಳೇ ಪೋಲೆಂಡಿನಲ್ಲಿ ಸೇನಾಡಳಿತ ಜಾರಿಯಾಯಿತು. ಇದಕ್ಕೆ ಮಾಸ್ಕೋ ಹೊಣೆ ಎಂದ ರೇಗನ್, ಕೊಳವೆ ಮಾರ್ಗಕ್ಕೆ ಅಮೆರಿಕದ ಸಲಕರಣೆ ಮಾರುವುದನ್ನು ನಿಷೇಧಿಸಿದರು. 1982ರ ಜೂನ್ 18ರಂದು ನಿಷೇಧವನ್ನು ಅಮೆರಿಕನ್ ಕಂಪನಿಗಳ ವಿದೇಶಿ ಶಾಖೆಗಳಿಗೂ, ಅಮೆರಿಕದ ಲೈಸೆನ್ಸ್ ಪಡೆದು ಯಂತ್ರ ತಯಾರಿಸುವ ಯೂರೋಪಿನ ಕಾರ್ಖಾನೆಗಳಿಗೂ ವಿಸ್ತರಿಸಿದರು.

ಯೂರೋಪಿನ ಸಿಟ್ಟಿಗೆ ಕಾರಣ ಇಲ್ಲಿದೆ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಜಾನ್ ಬ್ರೌನ್ ಕಾರ್ಖಾನೆ ಮೊದಲೇ ಸಹಿ ಮಾಡಿದ್ದ ಕರಾರಿನಂತೆ ಟರ್ಬೈನ್ ತಯಾರಿಸುತ್ತಿತ್ತು. ಬ್ರಿಟಿಷ್ ನೆಲದ ಕೆಲಸಗಾರನಿಗೆ ವಾಷಿಂಗ್ಟನ್ನಿನ ಕಾನೂನು ಅನ್ವಯಿಸುವುದೇ? ಅದೂ ಹಿಂದಿನ ಕರಾರಿಗೆ? ಅಷ್ಟೇ ಅಲ್ಲ, 1981ರ ಏಪ್ರಿಲ್‌ನಲ್ಲಿ ರೇಗನ್ ಅವರೇ ಸೋವಿಯತ್ ದೇಶಕ್ಕೆ ಧಾನ್ಯ ಮಾರಾಟದ ನಿರ್ಬಂಧ ತೆಗೆದಿದ್ದರು. ಅಮೆರಿಕದ ರೈತನಿಗೆ ಒಂದು ನ್ಯಾಯ, ಯೂರೋಪಿನ ಕಾರ್ಮಿಕನಿಗೆ ಇನ್ನೊಂದೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಬ್ರಿಟನ್ 1980ರ ತನ್ನ ಕಾಯಿದೆಯೊಂದನ್ನು ಬಳಸಿ, ಅಮೆರಿಕದ ಆಜ್ಞೆ ಪಾಲಿಸಬಾರದೆಂದು ತನ್ನ ಕಂಪನಿಗಳಿಗೆ ಸೂಚಿಸಿತು. ಫ್ರಾನ್ಸ್ ಸರ್ಕಾರವಂತೂ ಅಮೆರಿಕನ್ ಒಡೆತನದ ಡ್ರೆಸರ್ ಫ್ರಾನ್ಸ್ ಕಂಪನಿಗೇ ಕಂಪ್ರೆಸರ್‌ಗಳನ್ನು ರವಾನಿಸುವಂತೆ ಆದೇಶಿಸಿತು. ನವೆಂಬರ್ 13ರಂದು ರೇಗನ್ ನಿಷೇಧ ಹಿಂತೆಗೆದುಕೊಂಡರು. ಪೂರ್ವದೊಡನೆ ವ್ಯಾಪಾರ ನೀತಿಯ ಬಗ್ಗೆ ಮಿತ್ರರೊಂದಿಗೆ ಸಹಮತ ಮೂಡಿದೆ ಎಂದು ಅವರು ಸಾರಿದರೆ, ತಾನು ಅದರಲ್ಲಿ ಭಾಗಿಯಲ್ಲ ಎಂದಿತು ಫ್ರಾನ್ಸ್!

ಹಾಗಾದರೆ ಗೆದ್ದವರು ಯಾರು? ಅನಿಲ ಹರಿಯಿತು, 1991ರಲ್ಲಿ ಸೋವಿಯತ್ ಒಕ್ಕೂಟವೇ ಕುಸಿದರೂ ನಿಲ್ಲಲಿಲ್ಲ. ಆದರೆ 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ಪೂರ್ಣ ಪ್ರಮಾಣದ ದಾಳಿ ನಡೆಸಿದಾಗ, ಒಬ್ಬನೇ ಮಾರಾಟಗಾರನನ್ನು ನೆಚ್ಚಿಕೊಂಡರೆ ಆಗುವ ಅಪಾಯ ಯೂರೋಪಿಗೆ ಅರಿವಾಯಿತು. 2025ರ ಜನವರಿ 1ರಂದು ಉಕ್ರೇನ್ ಮೂಲಕ ಬರುತ್ತಿದ್ದ ರಷ್ಯನ್ ಅನಿಲ ನಿಂತಿತು. ರೇಗನ್ ಅವರ ಆತಂಕ ಪೊಳ್ಳಾಗಿರಲಿಲ್ಲ. ಆದರೆ ಮಿತ್ರರಿಗೆ ಮನವರಿಕೆ ಮಾಡಬೇಕಾದ ಕಡೆ ಅಪ್ಪಣೆ ಕೊಟ್ಟರು. ಅಪ್ಪಣೆಯ ಮೇಲಿನ ಸಿಟ್ಟಿನಲ್ಲಿ ಎಚ್ಚರಿಕೆಯ ಮಾತೂ ಕೇಳದೇ ಹೋಯಿತು.